ಬಹುಮತ ಇದ್ದರೆ ಸಾಲದು
ರಾಯಚೂರಿನ ಗೆಳೆಯರೇ, ವಿಶ್ವಸಂಸ್ಥೆಯ 193 ದೇಶಗಳಲ್ಲಿ ಬಹುಮತ ಸಿಕ್ಕರೆ ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಸ್ಥಾನ ಸಿಗಬೇಕು ಅಲ್ವಾ ಅಂತ ಕೇಳಿದ್ದೀರಿ. ಇಲ್ಲಿ ಬಳ್ಳಾರಿಯಲ್ಲಿ ಪರೀಕ್ಷೆಗೆ ಓದುವ ಹುಡುಗರೂ ಇದನ್ನೇ ಕೇಳುತ್ತಾರೆ. ಸಿಗುವುದಿಲ್ಲ. ಅದಕ್ಕೆ ವಿಶ್ವಸಂಸ್ಥೆಯ ಸನ್ನದನ್ನೇ (ಅದರ ಮೂಲ ನಿಯಮಾವಳಿ) ತಿದ್ದಬೇಕು. ಎಲ್ಲ ಸದಸ್ಯ ದೇಶಗಳಿರುವ ಸಾಮಾನ್ಯ ಸಭೆಯಲ್ಲಿ ಮೂರನೇ ಎರಡು ಭಾಗ, ಅಂದರೆ 129 ಮತ ಬಿದ್ದ ಮೇಲೂ ಅಷ್ಟೇ ದೇಶಗಳು ತಮ್ಮ ತಮ್ಮ ದೇಶದೊಳಗೆ ಅದನ್ನು ಅನುಮೋದಿಸಬೇಕು, ಅದರಲ್ಲಿ ಐದು ಕಾಯಂ ದೇಶಗಳೂ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಇರಲೇಬೇಕು, ಒಂದು ತಪ್ಪಿದರೂ ಕೆಲಸ ಕೆಟ್ಟಿತು. ಹಾಗಂತ ಸುಮ್ನೆ ಕೈಬಿಡಬೇಡಿ. 1963ರಲ್ಲಿ ಮಂಡಳಿಯನ್ನು 11ರಿಂದ 15ಕ್ಕೆ ಏರಿಸುವಾಗ ಫ್ರಾನ್ಸ್, ಸೋವಿಯತ್ ಒಕ್ಕೂಟ ವಿರುದ್ಧ ಮತ ಹಾಕಿದ್ದವು, ಅಮೆರಿಕ, ಬ್ರಿಟನ್ ತಟಸ್ಥವಾಗಿದ್ದವು. 1965ರ ಹೊತ್ತಿಗೆ ಎಲ್ಲವೂ ಒಪ್ಪಿದವು. ಆಗ ಹೆಚ್ಚಿದ್ದು ವೀಟೊ, ಅಂದರೆ ನಿರ್ಣಯವನ್ನು ಒಬ್ಬರೇ ತಡೆಯುವ ಅಧಿಕಾರ, ಇಲ್ಲದ ಸ್ಥಾನಗಳು ಮಾತ್ರ, ಅದು ನಿಜ. ನನಗಂತೂ ಇಡೀ ಆಫ್ರಿಕಾಕ್ಕೆ ಒಂದೂ ಕಾಯಂ ಸ್ಥಾನ ಇಲ್ಲದಿರುವುದು ಇನ್ನೂ ದೊಡ್ಡ ಅನ್ಯಾಯ ಅನಿಸುತ್ತದೆ.