ಎರಡು ಎಂಸಿಬಿಯ ಲೈಟ್‌ಗಳನ್ನು ಒಂದೇ ಸ್ವಿಚ್‌ಗೆ ಕೊಡಬಹುದಾ?

ಗೇಟಿನ ಲೈಟ್ ಕೆಳಮನೆಯ ಎಂಸಿಬಿಯಲ್ಲಿದೆ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್), ಟೆರೇಸ್ ಲೈಟ್ ಮೇಲಿನ ಮನೆಯ ಎಂಸಿಬಿಯಲ್ಲಿದೆ, ಮಲಗುವಾಗ ಎರಡನ್ನೂ ಒಂದೇ ಸ್ವಿಚ್‌ನಲ್ಲಿ ಆರಿಸಬೇಕು, ಎರಡೂ ತಂತಿಯನ್ನು ಆ ಸ್ವಿಚ್‌ಗೇ ಸೇರಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಹಾಗೆ ಮಾತ್ರ ಮಾಡಬೇಡಿ. ನಿಮ್ಮ ಆಸೆ ತಪ್ಪಲ್ಲ, ದಾರಿ ಬೇರೆ ಇದೆ.

ನಾನು ವೈರಿಂಗ್ ಕೆಲಸದವನು. ಇಂಥ ಕಡೆ ಮೊದಲು ಕೇಳುವುದು, ಮನೆಗೆ ಸಿಂಗಲ್ ಫೇಸೋ ತ್ರೀ ಫೇಸೋ ಅಂತ. ತ್ರೀ ಫೇಸ್ ಇದ್ದರೆ ಕೆಳಗೊಂದು ಫೇಸ್, ಮೇಲೊಂದು ಫೇಸ್ ಕೊಟ್ಟಿರುವುದು ಸಾಮಾನ್ಯ. ಫೇಸ್‌ಗೂ (ಕರೆಂಟ್ ತರುವ ತಂತಿ) ನ್ಯೂಟ್ರಲ್‌ಗೂ (ಅದನ್ನು ವಾಪಸ್ ಒಯ್ಯುವ ತಂತಿ) ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400. ಅವೆರಡನ್ನೂ ಒಂದೇ ಟರ್ಮಿನಲ್‌ಗೆ ಬಿಗಿದರೆ ನೇರ ಶಾರ್ಟ್, ಢಂ ಅಂತ ಎಂಸಿಬಿ ಬೀಳುತ್ತದೆ.

ಸಿಂಗಲ್ ಫೇಸ್ ಮನೆಯಲ್ಲಿ ಹೀಗೆ ಸದ್ದಾಗುವುದಿಲ್ಲ. ನನಗೆ ಅದೇ ಜಾಸ್ತಿ ಭಯ. ಒಮ್ಮೆ ಹಾಲ್‌ನ ಎಂಸಿಬಿ ಇಳಿಸಿ ಬೋರ್ಡ್ ಬಿಚ್ಚಿದೆ. ಅಭ್ಯಾಸಬಲದಿಂದ ಟೆಸ್ಟರ್ ಇಟ್ಟೆ, ಮಿಣಕ್ ಅಂತ ಹತ್ತಿಕೊಂಡಿತು! ಹಿಂದೆ ಯಾರೋ ಅಡುಗೆಮನೆಯ ಫೇಸನ್ನೂ ಅದೇ ಸ್ವಿಚ್‌ಗೆ ತಂದು ಸೇರಿಸಿದ್ದರು. ಒಂದು ಎಂಸಿಬಿ ಇಳಿಸಿದರೆ ಇನ್ನೊಂದರ ಮೂಲಕ ಕರೆಂಟ್ ಬರುತ್ತಲೇ ಇರುತ್ತದೆ. ಎರಡು 10 ಆಂಪಿಯರ್ ಎಂಸಿಬಿ ಸೇರಿದರೆ ಮುಂದಿನ ಸಣ್ಣ ತಂತಿಗೆ 20 ಆಂಪಿಯರ್ ಹರಿದರೂ ಕೇಳುವವರಿಲ್ಲ. ಒಂದು ಲೈನ್ ಇನ್ವರ್ಟರ್‌ನದಾಗಿದ್ದರೆ, ಹೋದ ಕರೆಂಟ್ ವಾಪಸ್ ಬಂದ ಕ್ಷಣ ಇನ್ವರ್ಟರ್ ಸುಡಬಹುದು.

ಸುಲಭದ ದಾರಿ ಅಂದರೆ ಟೆರೇಸ್ ಲೈಟನ್ನು ಗೇಟಿನ ಸರ್ಕ್ಯೂಟ್‌ಗೇ ತರುವುದು. ಲೈಟ್-ಫ್ಯಾನ್ ಸರ್ಕ್ಯೂಟ್‌ಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಅನ್ನುವುದು ನಮ್ಮಲ್ಲಿ ಹಳೆಯ ಲೆಕ್ಕ. ಈಗಿನ ಎಲ್‌ಇಡಿಗೆ ಅದು ಧಾರಾಳ. ಆದರೆ ಫೇಸ್ ಜೊತೆ ನ್ಯೂಟ್ರಲ್ ಕೂಡ ಅದೇ ಸರ್ಕ್ಯೂಟ್‌ನಿಂದ ಬರಬೇಕು. ಬಹಳ ಜನ ಎಡವುವುದು ಇಲ್ಲೇ. ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ರಕ್ಷಣಾ ಸ್ವಿಚ್) ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಬೀಳುತ್ತದೆ. 9 ವ್ಯಾಟ್‌ನ ಒಂದು ಬಲ್ಬೇ ಸುಮಾರು 40 ಎಳೆಯುತ್ತದೆ. ನ್ಯೂಟ್ರಲ್ ಬೇರೆ ಆರ್‌ಸಿಸಿಬಿಯ ಕಡೆಯಿಂದ ಕದ್ದಿದ್ದರೆ ಲೈಟ್ ಹಾಕಿದಾಗೆಲ್ಲ ಮನೆ ಕತ್ತಲು.

ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, ಕಾಂಟ್ಯಾಕ್ಟರ್ (ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಹಲವು ಸರ್ಕ್ಯೂಟ್‌ಗಳನ್ನು ಒಟ್ಟಿಗೆ ಹಾಕುವ ಸ್ವಿಚ್) ಹಾಕಿಸಿ. ಒಂದೊಂದು ಸರ್ಕ್ಯೂಟ್‌ನ ಫೇಸ್ ಅದರದರ ಪೋಲ್ (ಪ್ರತ್ಯೇಕ ಸಂಪರ್ಕ) ಮೂಲಕ ಹೋಗುತ್ತದೆ, ಒಂದಕ್ಕೊಂದು ತಾಗುವುದಿಲ್ಲ. ನಿಮ್ಮ ಸ್ವಿಚ್ ಅದರ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತದೆ. ಗೀಸರ್‌ಗೆ ಹಾಕುವ ಡಿಪಿ (ಡಬಲ್ ಪೋಲ್) ಸ್ವಿಚ್‌ನಲ್ಲೇ ಮುಗಿಸೋಣ ಅನ್ನುವವರಿದ್ದಾರೆ. ಅದು ಒಂದೇ ಸರ್ಕ್ಯೂಟ್‌ನ ಫೇಸ್, ನ್ಯೂಟ್ರಲ್ ಕಡಿಯಲು ಮಾಡಿದ್ದು. ಎರಡು ಫೇಸ್‌ಗೆ ನಾನಂತೂ ಹಾಕುವುದಿಲ್ಲ.

ಕಾಂಟ್ಯಾಕ್ಟರ್ ಹಾಕಿಸಿದರೆ ಡಿಬಿ ಬಾಗಿಲ ಮೇಲೆ ‘ಎರಡೂ ಎಂಸಿಬಿ ಇಳಿಸಿ ಮುಟ್ಟಿ’ ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ. ಅವರು ಬಂದಾಗ ಮೊದಲು ಎರಡು ಎಂಸಿಬಿಯ ಔಟ್‌ಪುಟ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಲು ಹೇಳಿ. ಸೊನ್ನೆಯ ಹತ್ತಿರ ತೋರಿಸಿದರೆ ಒಂದೇ ಫೇಸ್, 400ರ ಹತ್ತಿರ ಹೋದರೆ ಬೇರೆ ಬೇರೆ.