ಬ್ರಿಟನ್‌ಗೆ ಕಾಳುಮೆಣಸು: ಹಳೆಯ ಮಿತಿ ಹೋಯಿತೇ?

ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಕಾಳುಮೆಣಸಿನಲ್ಲಿ ಕೀಟನಾಶಕ ಉಳಿಕೆಯ ಮಿತಿ ಸಡಿಲವಾಯಿತೇ ಎಂದು ಕೇಳಿದ್ದೀರಿ. ಇಲ್ಲ ಸ್ವಾಮಿ. 2020ರ ಕೊನೆಗೆ ಒಕ್ಕೂಟದ ಕಾನೂನುಗಳನ್ನು ಅವರು ಬಹುಪಾಲು ಹಾಗೆಯೇ ಉಳಿಸಿಕೊಂಡರು. ಅಣ್ಣತಮ್ಮಂದಿರು ಪಾಲಾದರೂ ಪಾತ್ರೆಗಳು ಅವೇ. ಆಮೇಲೆ ಬ್ರಿಟನ್ ತಂದ 2023ರ ಕಾಯ್ದೆ ಹೀಗೆ ಉಳಿದವುಗಳಲ್ಲಿ ರದ್ದು ಮಾಡಿದ್ದು ಸುಮಾರು 600 ನಿಯಮಗಳನ್ನಷ್ಟೇ. ಆದರೆ 2021ರಿಂದ ಉಳಿಕೆ ಮಿತಿಗಳ ಪಟ್ಟಿ ಅವರದೇ ಬೇರೆ. ಒಕ್ಕೂಟ ಒಂದು ಮಿತಿ ತಗ್ಗಿಸಿದರೆ ಲಂಡನ್ ತಗ್ಗಿಸಲೇಬೇಕೆಂದಿಲ್ಲ. ನೇರವಾಗಿ ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ಗೆ ಕಳುಹಿಸಿದರೆ ಮಾತ್ರ ಒಕ್ಕೂಟದ್ದೇ ಮಿತಿ, ಅಲ್ಲಿನ ಕಥೆಯೇ ಬೇರೆ.

ತೀರ್ಥಹಳ್ಳಿಯ ನಮ್ಮ ತೋಟದಲ್ಲಿ ಕೊಳೆರೋಗಕ್ಕೆಂದು ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ (ತಾಮ್ರ ಇರುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಮೇಲೂ ತೊಟ್ಟಿಕ್ಕುತ್ತದೆ, ಎಲೆಯ ಮೇಲೆ ನೀಲಿ ಕಲೆ ಕೂರುತ್ತದೆ. ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಲು ಹೇಳಿ.