ಗೆದ್ದ ರಾಜ ಎಲ್ಲಿ ಹೋದ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಹಾಕಿದ್ದ ಪೋಲಿಷ್ ಚಿತ್ರಕಾರ ಯಾನ್ ಮಾತೆಯ್ಕೊನ ‘ಗ್ರುನ್ವಾಲ್ಡ್ ಕದನ’ ಚಿತ್ರ ನೋಡಿ ನೀವು ಖಾರವಾಗಿಯೇ ಬರೆದಿದ್ದೀರಿ. ಯುದ್ಧ ನಡೆದದ್ದು 1410ರಲ್ಲಿ, ಚಿತ್ರ ಮುಗಿದದ್ದು 1878ರಲ್ಲಿ, ಇದನ್ನು ಇತಿಹಾಸ ಅಂತ ಹೇಗೆ ನಂಬೋದು? ಗೆದ್ದ ಪೋಲೆಂಡಿನ ರಾಜನೇ ಕಾಣುತ್ತಿಲ್ಲವಲ್ಲ? ಎಂಥಾ ಗಿಜಿಗಿಜಿ!

ರಾಜ ಇದ್ದಾನೆ. ಬಲಗಡೆ ಮೇಲೆ, ದೂರದಲ್ಲಿ, ಚಿಕ್ಕದಾಗಿ. ತಮಾಷೆ ಅಂದ್ರೆ ಚಿತ್ರದಲ್ಲಿ ನಿಜಕ್ಕೆ ಹತ್ತಿರ ಇರುವುದೇ ಅದು. ಯಗಿಯೆವೊ ರಾಜ ಅವತ್ತು ದಿಬ್ಬದ ಮೇಲಿಂದ ಸೈನ್ಯ ನಡೆಸಿದ ಅಂತಲೇ ಹಳೆಯ ಬರಹಗಳು ಹೇಳುತ್ತವೆ. ನಡುವೆ ಕೆಂಪು ಉಡುಪಿನಲ್ಲಿ ಕತ್ತಿ ಎತ್ತಿರುವವನು ಅವನ ಚಿಕ್ಕಪ್ಪನ ಮಗ, ಲಿಥುವೇನಿಯಾದ ವಿತೌತಸ್. ಹಿಂದೆ ಇಬ್ಬರೂ ಕಾದಾಡಿದ್ದ ದಾಯಾದಿಗಳೇ, ಇಲ್ಲಿ ಮಾತ್ರ ಒಂದೇ ಕಡೆ.

ಅಷ್ಟು ಬಿಟ್ಟರೆ ನಂಬಬೇಡಿ. ವಿತೌತಸ್‌ನ ಎಡಕ್ಕೆ, ಬಿಳಿ ಮೇಲಂಗಿಯಲ್ಲಿ ಸಾಯುತ್ತಿರುವ ಉಲ್ರಿಚ್ ಸೋತ ಟ್ಯೂಟಾನಿಕ್ ಪಡೆಯ, ಅಂದರೆ ಜರ್ಮನ್ ಕ್ರೈಸ್ತ ನೈಟ್‌ಗಳ (ಕುದುರೆ ಸವಾರ ಯೋಧರ) ಸಂಘದ ಮುಖ್ಯಸ್ಥ. ಅವನು ಆ ಯುದ್ಧದಲ್ಲಿ ಸತ್ತದ್ದು ನಿಜ. ಆದರೆ ಅವನ ಮೇಲೆ ಬಿದ್ದಿರುವ ಇಬ್ಬರು ಬರೀ ಕಾಲಾಳುಗಳು, ಅದರಲ್ಲೂ ಒಬ್ಬನ ಕೈಯಲ್ಲಿರುವುದು ಪೋಲೆಂಡಿನ ಕ್ರಾಕೊವ್ ನಗರದಲ್ಲಿ ಪವಿತ್ರ ಅಂತ ಕಾಪಾಡಿಕೊಂಡು ಬಂದ ಸಂತ ಮಾರಿಸ್‌ನ ಈಟಿ! ಮೇಲೆ ಆಕಾಶದಲ್ಲಿ ಪೋಲೆಂಡಿನ ರಕ್ಷಕ ಸಂತ ಸ್ತಾನಿಸ್ಲಾವ್ ಬೇರೆ. ಇದು ವರದಿಯಲ್ಲ, ಹರಕೆ.

ಯಾಕೆ ಹೀಗೆ ಬರೆದ? ಮಾತೆಯ್ಕೊ ಕುಂಚ ಹಿಡಿದಾಗ ಪೋಲೆಂಡ್ ಅನ್ನುವ ದೇಶವೇ ಇರಲಿಲ್ಲ. 1795ರ ಹೊತ್ತಿಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಅದನ್ನು ಹಂಚಿಕೊಂಡು ಮುಗಿಸಿದ್ದರು. ಮಾತೆಯ್ಕೊನ ಊರು ಕ್ರಾಕೊವ್ ಆಸ್ಟ್ರಿಯಾದ ಪಾಲು. 1871ರಲ್ಲಿ ಪ್ರಷ್ಯಾದ ಮುಂದಾಳತ್ವದಲ್ಲಿ ಜರ್ಮನ್ ಸಾಮ್ರಾಜ್ಯ ಹುಟ್ಟಿತು, ಮರುವರ್ಷವೇ ಇವನು ಜರ್ಮನ್ ನೈಟ್‌ಗಳು ಮಣ್ಣುಮುಕ್ಕಿದ ಯುದ್ಧವನ್ನು ಬರೆಯಲು ಕೂತ. ಇದೇನು ಸುಮ್ನೆ ಆದದ್ದಲ್ಲ ಅಲ್ವಾ? 1410ರ ಬಗ್ಗೆ ತಿಳಿಯಲು ಈ ಚಿತ್ರ ಅಷ್ಟೇನೂ ಉಪಯೋಗವಿಲ್ಲ, ಆದರೆ 1870ರ ದಶಕದ ಪೋಲಿಷ್ ಜನರ ಹೊಟ್ಟೆಯಲ್ಲಿ ಏನು ಕುದಿಯುತ್ತಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ದಾಖಲೆ ಸಿಗುವುದು ಕಷ್ಟ.

ಆ ಮಾತು ಜರ್ಮನ್ನರಿಗೂ ಅರ್ಥವಾಗಿತ್ತು. 1939ರಲ್ಲಿ ಹಿಟ್ಲರನ ಸೈನ್ಯ ಬಂದಾಗ ಚಿತ್ರವನ್ನು ಪೋಲೆಂಡಿನದೇ ಲುಬ್ಲಿನ್ ನಗರಕ್ಕೆ ಸಾಗಿಸಿ ಬಚ್ಚಿಟ್ಟರು, ಆಮೇಲೆ ನೆಲದಲ್ಲೇ ಹೂತರು. ನಾಜಿಗಳು ದೊಡ್ಡ ಬಹುಮಾನ ಘೋಷಿಸಿದರೂ ಯಾರೂ ಬಾಯಿ ಬಿಡಲಿಲ್ಲ.

ಇನ್ನು ಗಿಜಿಗಿಜಿ. ಒಪ್ಪುತ್ತೇನೆ, ನನಗೂ ಹಾಗೇ ಅನಿಸುತ್ತದೆ. ವಾರ್ಸಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ ಮೂಲ ಚಿತ್ರ ಸುಮಾರು 10 ಮೀಟರ್ ಅಗಲ, 4 ಮೀಟರಿಗಿಂತ ಜಾಸ್ತಿ ಎತ್ತರ, ಅದನ್ನು ಪತ್ರಿಕೆಯ ಪುಟಕ್ಕೆ ಇಳಿಸಿದರೆ ಇನ್ನೂ ಒತ್ತೊತ್ತಾಗುತ್ತದೆ. ಮುಂದಿನ ಸಂಚಿಕೆಯಲ್ಲಿ ಉಲ್ರಿಚ್ ಇರುವ ಭಾಗವನ್ನಷ್ಟೇ ದೊಡ್ಡದು ಮಾಡಿ ಹಾಕುತ್ತೇವೆ.

– ಸಂ.